ಎರಡನೆಯ ಪ್ಯಾರಾ

ತೀರಿಕೊಂಡ ಸೈನಿಕರ ಮನೆಗೆ ಹೋಗುವ ಸಂತಾಪದ ಪತ್ರಕ್ಕೆ ಬ್ರಿಗೇಡಿಯರ್ ಸಹಿ ಹಾಕುತ್ತಾರೆ. ಬರೆಯುವುದು ನನ್ನ ಮಗಳು. ಅವರ ಕಚೇರಿಯ ಸ್ಟಾಫ್ ಆಫೀಸರ್ ಅವಳು. ಮೊದಲ ಪ್ಯಾರಾದಲ್ಲಿ ನಡೆದದ್ದು, ಕೊನೆಯದರಲ್ಲಿ ಸಾಂತ್ವನ. ಅವೆರಡೂ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಎರಡನೆಯದಕ್ಕೆ ಮಾತ್ರ ಅವಳು ಹೋದವನ ಜೊತೆಗಾರರನ್ನು ಕೂರಿಸಿಕೊಂಡು ಮಾತನಾಡಿಸುತ್ತಾಳೆ. ಮನೆಯವರಿಗೂ ಗೊತ್ತಿರದ ಅವನ ಯಾವುದೋ ಒಳ್ಳೆಯ ಸಂಗತಿಯನ್ನು ಕೇಳಿ ತಿಳಿದು ಅಲ್ಲಿ ಬರೆಯುತ್ತಾಳೆ. ಒಬ್ಬ ತಾಯಿ ಆ ಭಾಗವನ್ನು ಬಾಯಿಪಾಠ ಮಾಡಿಕೊಂಡಿದ್ದಾಳಂತೆ.

ಈ ಸಲದ ಪತ್ರ ಬರಬೇಕಾದದ್ದು ನನಗೆ.

ನನ್ನ ಮಗ ಅದೇ ಬ್ರಿಗೇಡಿನಲ್ಲಿ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಅಕ್ಕನ ಜಡೆ ಎಳೆದು ಓಡುತ್ತಿದ್ದವನು ಅಲ್ಲಿ ಅವಳಿಗೆ ಸೆಟೆದು ನಿಂತು ಸಲ್ಯೂಟ್ ಹೊಡೆಯಬೇಕಿತ್ತು. ನನ್ನ ಕಣ್ಣಿನ ಆಪರೇಷನ್ನಿಗೆಂದು ರಜೆ ಕೇಳಿದ್ದ. ರಜೆಯ ಅರ್ಜಿಗಳೂ ಅವಳ ಮೇಜಿಗೇ ಬರುತ್ತಿದ್ದವು. ಏನಾಯಿತಪ್ಪಾ ಎಂದು ನಾನು ಫೋನಿನಲ್ಲಿ ವಿಚಾರಿಸಿದರೆ ನಕ್ಕುಬಿಟ್ಟ.

"ದೇವ್ರಾದ್ರೂ ಪ್ರತ್ಯಕ್ಷ ಆಗ್ಬಹುದು ಕಣಮ್ಮ, ನಿನ್ ಮಗಳ ಸಹಿ ಆಗಲ್ಲ."

ರಜೆ ಸಿಗುವ ಮೊದಲೇ ಘಟ್ಟದ ತಿರುವಿನಲ್ಲಿ ರಸ್ತೆ ಕುಸಿದು ಅವನ ಲಾರಿ ಕೆಳಗುರುಳಿತು.

ಅಂತ್ಯಕ್ರಿಯೆಗೆ ಬಂದ ಮಗಳು ಊಟ ಬಿಟ್ಟು ಕೂತಿದ್ದಳು. ಪತ್ರವನ್ನು ಬೇರೆಯವರು ಬರೆಯಲಿ ಎಂದು ಬ್ರಿಗೇಡಿಯರ್ ಎಷ್ಟೋ ಹೇಳಿದರಂತೆ, ಇವಳು ಒಪ್ಪಿರಲಿಲ್ಲ. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡಿದ್ದಳು. ಮೊದಲ ಪ್ಯಾರಾ ಮುಗಿದಿತ್ತು. ಪೆನ್ನು ಅಲ್ಲೇ ನಿಂತಿತ್ತು.

"ಅಮ್ಮ, ಅವನ ಅರ್ಜಿ ಎಲ್ಲರಿಗಿಂತ ಮೊದಲೇ ಬಂದಿತ್ತು," ಎಂದಳು. "ನಾನೇ ತೆಗೆದು ಕಟ್ಟಿನ ತಳಕ್ಕೆ ಹಾಕ್ದೆ. ನಮ್ಮೋರದ್ದು ಯಾವಾಗ್ಲೂ ಕೊನೆಗೇ ನೋಡ್ತೀನಿ. ತಮ್ಮ ಅಂತ ಮುಂದೆ ಮಾಡಿದ್ಲು ಅನ್ನೋ ಮಾತು ಬರಬಾರದಿತ್ತು."

ಕೈಯಲ್ಲಿದ್ದ ಅಂಗಿ ಅವನದೇ. ಅದರ ತೋಳು ಮಡಚಲು ನನ್ನಿಂದ ಆಗಲಿಲ್ಲ. ನಿನ್ನ ತಪ್ಪಿಲ್ಲ ಮಗಳೇ ಎನ್ನಬೇಕಿತ್ತು. ಒಬ್ಬನನ್ನು ಮಣ್ಣಿಗೆ ಕೊಟ್ಟು ಬಂದಿದ್ದೆ; ಈಗ ಬಾಯಿ ಬಿಡದಿದ್ದರೆ ಇವಳೂ ನನ್ನ ಕೈತಪ್ಪುತ್ತಾಳೆ ಎಂದು ಗೊತ್ತಿದ್ದೂ ಸುಮ್ಮನೆ ನಿಂತಿದ್ದೆ. ಅವಳು ನನ್ನ ಮುಖ ನೋಡಿ ಹಾಳೆಯನ್ನು ಮಡಚತೊಡಗಿದಳು.

"ಅವನ ಜೊತೆಯವರು ಏನಂದ್ರು?" ಎಂದು ಹೇಗೋ ಕೇಳಿದೆ.

ಅವಳು ಮಡಚಿದ ಹಾಳೆಯ ಮೇಲೆ ಕೈಯಿಟ್ಟಳು.

"ಕ್ಯಾಂಟೀನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಳ್ತಿದ್ದನಂತೆ. 'ನಮ್ಮಕ್ಕ ಬೆಂಕಿ ಕಣ್ರೋ. ಸ್ವಂತ ತಮ್ಮನನ್ನೂ ಸಾಲಲ್ಲಿ ನಿಲ್ಲಿಸ್ತಾಳೆ. ನಿಮ್ ಅರ್ಜಿಗೆ ಅನ್ಯಾಯ ಆಗಲ್ಲ, ಧೈರ್ಯವಾಗಿರಿ' ಅಂತಿದ್ದನಂತೆ." ಅವಳ ದನಿ ಒಡೆಯಿತು. "ಕೇಳಿದೋರೆಲ್ಲ ಇದೊಂದನ್ನೇ ಹೇಳಿದ್ರು. ಇದನ್ನ ಹೇಗಮ್ಮ ಬರೀಲಿ?"

ಅಂಗಿಯನ್ನು ಅವುಚಿಕೊಂಡು ಅವಳ ಪಕ್ಕದಲ್ಲಿ ಕೂತೆ. ಅವಳ ಮೇಲೆ ನನಗೆ ಸಿಟ್ಟಿತ್ತು. ಅವಳ ತಲೆ ನನ್ನ ಹೆಗಲಿಗೆ ಒರಗಿತ್ತು. ಎರಡೂ ನಿಜ.

"ಅದನ್ನೇ ಬರಿ," ಎಂದೆ.

"ನೀನು ಓದ್ತೀಯಾ?"

"ಓದ್ತೀನಿ. ಈಗ್ಲೇ ಆಗಲ್ಲ ಕಣೇ. ಬರೆದು ಕೊಡು, ಇಟ್ಕೊಂಡಿರ್ತೀನಿ."

ಅವಳು ಮಡಿಕೆ ಬಿಡಿಸಿ ಹಾಳೆಯನ್ನು ಅಂಗೈಯಿಂದ ಸವರಿದಳು. ಅವಳು ಬರೆಯುವಷ್ಟು ಹೊತ್ತೂ ನಾನು ಬೇರೆ ಕಡೆ ನೋಡುತ್ತ ಪಕ್ಕದಲ್ಲೇ ಕೂತಿದ್ದೆ.