ಹಿಂದುಳಿದವನು ನಿಲ್ಲಬೇಕು

ಚಳಿ ಬಿಟ್ಟು ಬಿಸಿಲು ಇನ್ನೂ ಬಲಿಯದ ನಡುವಿನ ದಿನಗಳಲ್ಲೇ ಉಣ್ಣೆ ಕತ್ತರಿಸಿ ಮುಗಿಸಬೇಕು. ತಡವಾದರೆ ಕುರಿಗಳು ಬೇಗೆಗೆ ಮೇವು ಬಿಡುತ್ತವೆ. ಆತುರಪಟ್ಟರೆ ಒಂದು ತಣ್ಣನೆ ಗಾಳಿ ಬೀಸಿದ್ದೇ ಸಾಕು, ಬೋಳುಮೈಯವು ನಡುಗಿ ಮಲಗಿಬಿಡುತ್ತವೆ. ಅಣ್ಣ ಕೊಟ್ಟಿಗೆಯ ಮುಂದಿನ ಹಾಸುಗಲ್ಲಿನ ಮೇಲೆ ಒಂದು ಕುರಿಯನ್ನು ಕುಂಡೆಯೂರಿಸಿ ಕೂರಿಸಿ, ಅದರ ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು ಕತ್ತರಿ ಆಡಿಸುತ್ತಿದ್ದ. ಅತ್ತಿಗೆ ಉಣ್ಣೆಯಲ್ಲಿ ಸಿಕ್ಕಿದ ಮುಳ್ಳು ಆರಿಸಿ ಗೋಣಿಗೆ ತುಂಬುತ್ತಿದ್ದಳು. ತಮ್ಮ ಬಂದದ್ದು ಆ ಹೊತ್ತಿಗೆ.

ತನ್ನ ಬೈಕಿನ ಸದ್ದಿಗೆ ಹಿಂಡು ಬೆದರುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ದಿಬ್ಬದ ಮೇಲೆಯೇ ಎಂಜಿನ್ ಆರಿಸಿ ಇಳಿಜಾರಿನಲ್ಲಿ ಸುಮ್ಮನೆ ಉರುಳಿಸಿಕೊಂಡು ಬಂದ. ಕೆಂಪು ಬಣ್ಣದ ಸ್ಪೋರ್ಟ್ಸ್ ಬೈಕ್ ಅದು. ಹಿಂಭಾಗ ಮೇಲೆತ್ತಿ ಮೂತಿ ನೆಲಕ್ಕೆ ತಗ್ಗಿಸಿ ನಿಂತದ್ದನ್ನು ನೋಡಿದರೆ ಹಾಯಲು ಸಿದ್ಧವಾದ ಟಗರಿನಂತಿತ್ತು.

"ಬಂತಪ್ಪಾ ಹಿಂಡಿನ ಇನ್ನರ್ಧ," ಎಂದಳು ಅತ್ತಿಗೆ. "ಅದಕ್ಕೂ ಉಣ್ಣೆ ಬೆಳೆದಿದ್ರೆ ಕರ್ಕೊಂಡು ಬಾ ಮೈದುನ, ನಿಮ್ಮಣ್ಣ ಕತ್ತರಿಸಿಕೊಡ್ತಾರೆ."

ತಮ್ಮ ನಕ್ಕ. ಅಣ್ಣ ತಲೆ ಎತ್ತಲಿಲ್ಲ.

ಅತ್ತಿಗೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡು ವರ್ಷದ ಹಿಂದೆ ತಮ್ಮ ತನ್ನ ಪಾಲಿನ ಕುರಿಗಳನ್ನು ಮಾರಿ ಈ ಬೈಕ್ ಕೊಂಡಿದ್ದ, ಪೇಟೆಯ ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಪಾಲು ಅವನದು, ಮಾರಿದ. ಅದಕ್ಕೆ ಅಣ್ಣ ತಕರಾರು ತೆಗೆಯಲಿಲ್ಲ. ತಕರಾರು ಇದ್ದದ್ದು ಗಂಟೆಟಗರಿನ ಬಗ್ಗೆ. ಕೊರಳಲ್ಲಿ ಗಂಟೆ ಕಟ್ಟಿಕೊಂಡು ಮುಂದೆ ನಡೆಯುವ ಆ ಟಗರು ಯಾರ ಪಾಲಿಗೂ ಸೇರಿದ್ದಲ್ಲ, ಹಿಂಡಿಗೆ ಸೇರಿದ್ದು. ಲಾರಿ ಹತ್ತಲು ಒಲ್ಲದ ಕುರಿಗಳನ್ನು ಹತ್ತಿಸಲು ತಮ್ಮ ಅದನ್ನು ಮೊದಲು ಹತ್ತಿಸಿದ. ಉಳಿದವು ಅದರ ಬೆನ್ನಿಗೆ ಹತ್ತಿದವು. ವ್ಯಾಪಾರಿ ಬಾಗಿಲು ಹಾಕಿ ಕೊಂಡಿ ಜಡಿದ. ಎಲ್ಲವನ್ನೂ ಇಳಿಸಿ ಟಗರನ್ನು ಹೊರಗೆ ತೆಗೆಯಬೇಕೆಂದರೆ ಅರ್ಧ ದಿನ ಹೋಗುತ್ತಿತ್ತು, ತಮ್ಮ ಸುಮ್ಮನಾದ. ಆ ಮಳೆಗಾಲದಲ್ಲಿ ಮುಂದಾಳಿಲ್ಲದ ಹಿಂಡು ಹಳ್ಳ ದಾಟುವಾಗ ದಿಕ್ಕೆಟ್ಟು, ಮರಿಗಳು ನೀರು ಪಾಲಾದವು. ಅಂದಿನಿಂದ ಅಣ್ಣ ಅವನೊಡನೆ ನೇರವಾಗಿ ಮಾತಾಡಿಲ್ಲ. ಏನಿದ್ದರೂ ಅತ್ತಿಗೆಯ ಮುಖಾಂತರ.

"ಅಕ್ಕ ಫೋನ್ ಮಾಡಿದ್ಲು," ಎಂದ ತಮ್ಮ. "ಮುಂದಿನ ವಾರ ಕಣ್ಣಿನ ಆಪರೇಷನ್ ಅಂತೆ. ಇಬ್ಬರನ್ನೂ ನೋಡ್ಬೇಕಂತೆ. ಒಬ್ಬೊಬ್ಬರೇ ಬಂದ್ರೆ ಬಾಗಿಲು ತೆಗೆಯಲ್ಲ ಅಂದ್ಲು. ಒಟ್ಟಿಗೆ ಬಂದ್ರೆ ಮಾತ್ರ."

ಅಕ್ಕ ಇದ್ದದ್ದು ದೇಶದ ಇನ್ನೊಂದು ಅಂಚಿನಲ್ಲಿ, ಸಮುದ್ರದ ದಂಡೆಯಲ್ಲಿ. ತಾಯಿಯಿಲ್ಲದ ಇಬ್ಬರನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯಾಗಿ ಅಷ್ಟು ದೂರ ಹೋದಮೇಲೂ ಅವಳ ಮಾತನ್ನು ಈ ಮನೆಯಲ್ಲಿ ಯಾರೂ ಮೀರಿರಲಿಲ್ಲ.

ಅಣ್ಣ ಕುರಿಯನ್ನು ಬಿಟ್ಟ. ಅದು ಎದ್ದು, ಹಗುರಾದ ಮೈಯನ್ನು ನಂಬಲಾರದೆ ಒಮ್ಮೆ ನೆಗೆದು ಓಡಿತು. "ಅವನಿಗೆ ಹೇಳು," ಎಂದ ಹೆಂಡತಿಗೆ, "ಈ ಸಾಲು ಮುಗಿಲಿ. ನಾಡಿದ್ದು ಹೊರಡೋಣ. ನನ್ನ ಗಾಡೀಲಿ ನಾನು ಬರ್ತೀನಿ. ಆ ಟಗರಿನ ಬೆನ್ನ ಮೇಲೆ ನಾನು ಕೂರಲ್ಲ."

"ಕೇಳಿಸ್ತಾ?" ಎಂದಳು ಅತ್ತಿಗೆ.

"ಪಕ್ಕದಲ್ಲೇ ಇದ್ದೀನಲ್ಲ ಅತ್ತಿಗೆ."

"ಇರು, ನನ್ನ ಕೆಲಸ ನಾನು ಮಾಡ್ಬೇಕಲ್ಲ."

ಹೊರಟದ್ದು ಹಾಗೆ. ಅಣ್ಣನದು ಮೇವಿನ ಮೂಟೆ ಹೊರುವ ಹಳೆಯ ಕಬ್ಬಿಣದ ಮೋಟಾರ್‌ಬೈಕು. ಹಿಂದೆ ಅಗಲವಾದ ಕ್ಯಾರಿಯರ್, ಎರಡು ಕಡೆ ಚೀಲ. ಆಕ್ಸಿಲರೇಟರ್ ಎಷ್ಟು ತಿರುವಿದರೂ ಅದು ತನ್ನ ನಿಧಾನದ ನಡೆ ಬಿಡುತ್ತಿರಲಿಲ್ಲ. ತಮ್ಮನ ಬೈಕಿನಲ್ಲಿ ಒಂದು ಟವೆಲ್ ಇಡಲೂ ಜಾಗವಿಲ್ಲ. ಹೀಗಾಗಿ ಅವನ ಬಟ್ಟೆ, ಚಾರ್ಜರ್, ಫೋನು ಎಲ್ಲವೂ ಅಣ್ಣನ ಚೀಲ ಸೇರಿದವು. ಅಣ್ಣ ತನ್ನ ಫೋನನ್ನು ಹಿಂಡಿನ ಜೊತೆಗಿರುವ ಅತ್ತಿಗೆಗೆ ಬಿಟ್ಟು ಬಂದಿದ್ದ.

ದೂರದ ದಾರಿಗೆ ಹೇಳಿ ಮಾಡಿಸಿದ್ದಲ್ಲ ಆ ಬೈಕ್. ಹ್ಯಾಂಡಲ್ ಮೊಣಕಾಲಿನ ಮಟ್ಟಕ್ಕೆ ಇದ್ದು, ಇಡೀ ಮೈಯ ಭಾರ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಕತ್ತು ಎತ್ತಿ ನೋಡಿ ನೋಡಿ ಬೆನ್ನುಹುರಿಯ ತುದಿಯಲ್ಲಿ ಉಳುಕು ಹಿಡಿಯುತ್ತಿತ್ತು. ವೇಗದಲ್ಲಿ ಹೋದರೆ ಎದುರುಗಾಳಿ ಎದೆಗೆ ದಿಂಬು ಕೊಟ್ಟಂತೆ ಭಾರ ಹೊರುತ್ತದೆ, ಎಂಜಿನ್ ತಂಪಾಗಿರುತ್ತದೆ. ನಿಧಾನವಾಗಿ ಹೋದರೆ ಅದೇ ಎಂಜಿನ್ ತೊಡೆ ಸುಡುತ್ತದೆ. ಅಣ್ಣನ ಪಕ್ಕದಲ್ಲಿ ಓಡಿಸುವುದು ಅವನಿಂದ ಸಾಧ್ಯವೇ ಆಗಲಿಲ್ಲ. ಅವನು ಮುಂದೆ ಹಾರುತ್ತಿದ್ದ, ಒಂದು ಸೇತುವೆಯೋ ಚಹಾದಂಗಡಿಯೋ ಸಿಕ್ಕಲ್ಲಿ ಇಳಿದು ಕೈ ಕೊಡವಿಕೊಳ್ಳುತ್ತ ಕಾಯುತ್ತಿದ್ದ. ಬಹಳ ಹೊತ್ತಿನ ಮೇಲೆ ಅಣ್ಣನ ಗಾಡಿ ಕೆಮ್ಮುತ್ತ ಬರುತ್ತಿತ್ತು. ಅಣ್ಣ ಇಳಿದು, ಅಂಗಡಿಯವನಿಗೆ, "ಇವನಿಗೂ ಒಂದು ಚಹಾ ಕೊಡಿ," ಎನ್ನುತ್ತಿದ್ದ. ಅತ್ತಿಗೆ ಇಲ್ಲದ ಕಡೆ ಸಿಕ್ಕಿದವರೆಲ್ಲ ಅತ್ತಿಗೆಯ ಕೆಲಸ ಮಾಡಬೇಕಾಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅವರು ಒಂದು ಉದ್ದ ಸೇತುವೆಯ ಬಳಿ ಕಲ್ಲಂಗಡಿ ತಿಂದರು. ನಂತರ ತಮ್ಮ ಎಂದಿನಂತೆ ಮುಂದೆ ಹೋದ. ದಾರಿಯಲ್ಲಿ ಚೈನು ಸಡಿಲವಾಗಿ ಕಟಕಟ ಎನ್ನತೊಡಗಿತು. ಪೆಟ್ರೋಲ್ ಬಂಕಿನ ಹಿಂದೊಂದು ರಿಪೇರಿ ಶೆಡ್ಡು ಕಂಡಿತು. ಬೈಕನ್ನು ಒಳಗೆ ತಳ್ಳಿ ಚೈನು ಬಿಗಿಸಿಕೊಂಡು, ಎಣ್ಣೆ ಹಾಕಿಸಿ ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತ. ಅಣ್ಣ ಬರಲಿಲ್ಲ. ಇನ್ನಷ್ಟು ಹೊತ್ತು ನಿಂತ. ನೆರಳು ಕಾಲ ಬುಡಕ್ಕೆ ಬಂತು. ಅಣ್ಣನ ಸುಳಿವಿಲ್ಲ.

ಇಂಥದ್ದಕ್ಕೆ ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮಂಜು ಕವಿದ ಗುಡ್ಡದಲ್ಲಿ ಕುರಿ ಕಾಯುವವರು ಒಬ್ಬರನ್ನೊಬ್ಬರು ಕಳೆದುಕೊಂಡರೆ, ಹಿಂದುಳಿದವನು ನಿಂತಲ್ಲೇ ನಿಲ್ಲಬೇಕು, ಮುಂದಿದ್ದವನು ತಿರುಗಿ ಬರಬೇಕು. ಇಬ್ಬರೂ ಹುಡುಕಾಡಿದರೆ ಇಬ್ಬರೂ ಸಿಗುವುದಿಲ್ಲ. ಅಪ್ಪ ಇದನ್ನು ಕಿವಿ ಹಿಂಡಿ ಕಲಿಸಿದ್ದ. ತಮ್ಮ ಚಿಕ್ಕಂದಿನಲ್ಲಿ ಒಮ್ಮೆ ನಿಂತ ಜಾಗ ಬಿಟ್ಟು ಅಲೆದಾಗ ಅಣ್ಣ ಬರಿಗಾಲಲ್ಲಿ ಸಂಜೆಯವರೆಗೆ ಗುಡ್ಡ ಸುತ್ತಿ ಅವನನ್ನು ಹೆಗಲ ಮೇಲೆ ಹೊತ್ತು ತಂದಿದ್ದ.

ಮುಂದಿದ್ದವನು ತಾನು, ತಿರುಗಬೇಕಾದವನೂ ತಾನೇ. ತಮ್ಮ ಬೈಕ್ ತಿರುಗಿಸಿ ಸೇತುವೆಯವರೆಗೆ ಬಂದ. ದಾರಿಯುದ್ದಕ್ಕೂ ಅಣ್ಣ ಕಾಣಲಿಲ್ಲ.

ಕಲ್ಲಂಗಡಿ ಮಾರುತ್ತಿದ್ದ ಹೆಂಗಸು ಅವನನ್ನು ಕಂಡು, "ಏನಪ್ಪಾ, ಹಣ್ಣು ಅಷ್ಟು ರುಚಿಯಾಗಿತ್ತಾ?" ಎಂದಳು.

"ನನ್ನ ಜೊತೆ ಇದ್ರಲ್ಲ, ಹಳೇ ಗಾಡಿಯವ್ರು..."

"ನೀನು ಹೋದ ಬೆನ್ನಿಗೇ ಹೊರಟ್ರು. ಮುಂದೆ ಸಿಗ್ಲಿಲ್ವಾ? ಉಪ್ಪು ತರೋ ಲಾರಿ ಡ್ರೈವರ್ ಹೇಳ್ತಿದ್ದ, ಚೀಲ ಕಟ್ಕೊಂಡ ಹಳೇ ಗಾಡಿ ಒಂದು ಮುಂದಿನ ಊರಿನ ಹತ್ರ ಕೆಮ್ತಾ ಎದುರಿಗೆ ಬಂತು ಅಂತ."

ತಾನು ಶೆಡ್ಡಿನ ಒಳಗಿದ್ದಾಗ ಅಣ್ಣ ದಾಟಿ ಹೋಗಿದ್ದ. ಹಾಗಾದರೆ ಈಗ ಹಿಂದುಳಿದವನು ತಾನು. ತಮ್ಮ ಬೈಕನ್ನು ನೆರಳಿಗೆ ಹಾಕಿ ಅಲ್ಲೇ ಕುಳಿತ.

ಆ ಹೆಂಗಸಿನ ಫೋನ್ ಇಸಕೊಂಡು ತನ್ನ ನಂಬರಿಗೇ ಮಾಡಿದ. ಫೋನು ಚೀಲದ ತಳದಲ್ಲಿ ಕಂಬಳಿಯೊಳಗೆ ಬಡಿದುಕೊಂಡು ಸುಮ್ಮನಾಗಿರಬೇಕು. ಅಕ್ಕನ ನಂಬರು ಬಾಯಿಗೆ ಬರುತ್ತಿತ್ತು. ಆದರೆ ಏನೆಂದು ಹೇಳುವುದು? ಒಟ್ಟಿಗೆ ಹೊರಟವರು ದಾರಿಯಲ್ಲೇ ಬೇರೆಯಾದೆವು ಎಂದೇ? ಫೋನನ್ನು ವಾಪಸು ಕೊಟ್ಟ.

ಬಿಸಿಲು ಇಳಿಯತೊಡಗಿತು. "ಇಷ್ಟು ಓಡೋ ಗಾಡಿ ಇಟ್ಕೊಂಡು ಕೂತಿದ್ದೀಯಲ್ಲೋ," ಎಂದಳು ಅವಳು. "ಕುದುರೆ ಕೊಂಡು ಹುಲ್ಲು ಎಣಿಸಿದ ಹಾಗಾಯ್ತು."

"ಅವರು ಬರ್ಬೇಕು. ನಮ್ಮಲ್ಲಿ ಹಾಗೇ ಲೆಕ್ಕ."

"ಬಂದ್ರೆ ಸರಿ," ಎಂದು ಅವಳು ನೊಣ ಓಡಿಸಿದಳು.

ಅಣ್ಣ ಬರುವುದಿಲ್ಲ ಎಂಬ ಅನುಮಾನ ತಮ್ಮನಿಗೆ ಮೊದಲು ಸಿಟ್ಟಾಗಿ ಬಂತು. ಬಿಟ್ಟು ಹೋಗಲು ಇದೇ ಸಮಯ ಎಂದು ಹೋಗಿದ್ದಾನೆ, ಅಕ್ಕನ ಮುಂದೆ ಕೈ ಚೆಲ್ಲಿ ನಿಂತರಾಯಿತು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು. ಅಣ್ಣ ಕಟ್ಟಳೆ ಮುರಿಯುವವನಲ್ಲ. ಬರಬೇಕಾಗಿದ್ದರೆ ಬಂದಿರುತ್ತಿದ್ದ. ಬಂದಿಲ್ಲವೆಂದರೆ, ತಾನು ಮುಂದಿದ್ದೇನೆ ಎಂದು ಅವನಿಗೆ ಗೊತ್ತೇ ಇಲ್ಲ. ಹೇಗೆ ಗೊತ್ತಾಗಬೇಕು? ಮನೆ ಬಿಟ್ಟಾಗಿನಿಂದ ಅವನು ತಮ್ಮನ ಬೆನ್ನು ಬಿಟ್ಟು ಬೇರೇನನ್ನೂ ನೋಡಿಲ್ಲ. ಆ ಕೆಂಪು ಬೈಕ್ ತನ್ನ ಹಿಂದೆ ಇರಬಹುದೆಂಬುದು ಅಣ್ಣನ ಕನಸಿಗೂ ಬರುವ ಮಾತಲ್ಲ. ಅವನೂ ತನ್ನನ್ನೇ ಹಿಂದುಳಿದವನೆಂದುಕೊಂಡು ಎಲ್ಲೋ ಕಂಬದಂತೆ ನಿಂತಿದ್ದಾನೆ.

ಹಾಗಿದ್ದರೆ ಹೋಗಬೇಕು. ಆದರೆ ಲೆಕ್ಕ ತಪ್ಪಿದ್ದರೆ? ಪೆಟ್ರೋಲ್ ಬಂಕಿನ ಆಚೆ ರಸ್ತೆ ಎರಡಾಗುತ್ತದೆ, ಊರೊಳಗಿನದು ಒಂದು, ಊರ ಹೊರಗಿನದು ಒಂದು. ತಾನು ಒಂದರಲ್ಲಿ ಹೋಗುವಾಗ ಅಣ್ಣ ಇನ್ನೊಂದರಲ್ಲಿ ತಿರುಗಿ ಬಂದು, ಈ ಸೇತುವೆಯ ಬಳಿ ಯಾರೂ ಇಲ್ಲದ್ದನ್ನು ಕಂಡರೆ? ಟಗರನ್ನು ಲಾರಿಯಲ್ಲಿ ಬಿಟ್ಟವನು ಇಲ್ಲೂ ಬಿಟ್ಟು ಹೋದ ಎಂದುಕೊಂಡು ಅಣ್ಣ ಗಾಡಿ ತಿರುಗಿಸಿ ಊರಿಗೇ ಹೋಗುತ್ತಾನೆ. ಆಮೇಲೆ ಅಕ್ಕನಿಂದಲೂ ಈ ಮನೆಯನ್ನು ಕೂಡಿಸಲಾಗುವುದಿಲ್ಲ.

ಬೈಕಿನ ಮೇಲೆ ಕುಳಿತ, ಇಳಿದ. ಮತ್ತೆ ಕುಳಿತ.

"ಏನು, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?" ಎಂದಳು ಹೆಂಗಸು.

"ಅವರು ಈ ಕಡೆ ಬಂದ್ರೆ, ನಾನು ಕಾದೆ ಅಂತ ಹೇಳ್ತೀರಾ? ಬಿಟ್ಟು ಹೋಗಿಲ್ಲ, ಹುಡ್ಕೊಂಡು ಹೋದೆ ಅಂತ. ಇಲ್ಲೇ ಇರಿ ಅಂತ."

"ಹೇಳ್ತೀನಿ ಹೋಗು ಮಾರಾಯ. ಹಣ್ಣು ಮುಗಿದ್ರೂ ಇರ್ತೀನಿ."

ಅವನು ಹೊರಟ. ಆ ಬೈಕಿನಲ್ಲಿ ಅಷ್ಟು ನಿಧಾನವಾಗಿ ಅವನು ಎಂದೂ ಹೋಗಿರಲಿಲ್ಲ. ಎದುರು ಬರುವ ಒಂದೊಂದು ಗಾಡಿಯ ಮುಖ ನೋಡಬೇಕಿತ್ತು. ತೊಡೆ ಸುಟ್ಟಿತು, ಮಣಿಕಟ್ಟು ಜೋಮು ಹಿಡಿಯಿತು. ಊರೊಳಗಿನ ರಸ್ತೆಯನ್ನೇ ಹಿಡಿದ. ಅಣ್ಣ ಹೊಸ ರಸ್ತೆಯನ್ನು ನಂಬುವವನಲ್ಲ. ಊರು ಕಳೆಯಿತು. ಉಪ್ಪಿನ ಲಾರಿಗಳು ಸಾಲುಗಟ್ಟಿ ನಿಂತ ತೂಕದ ಕಟ್ಟೆಯ ಬಳಿ ಹಳೆಯ ಗಾಡಿ ಕಂಡಿತು. ಅದರ ಪಕ್ಕದಲ್ಲಿ ಅಣ್ಣ.

ಅಣ್ಣ ಅವನಿಗೆ ಬೆನ್ನು ಹಾಕಿ ನಿಂತಿದ್ದ. ಸೊಂಟದ ಮೇಲೆ ಕೈಯಿಟ್ಟು ಪಡುವಣದ ರಸ್ತೆಯನ್ನೇ ನೋಡುತ್ತಿದ್ದ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿದ್ದರೂ ಮುಖ ಹೊರಳಿಸಿರಲಿಲ್ಲ. ಹಿಂದಿನಿಂದ ಬೈಕಿನ ಸದ್ದು ಬಂದಾಗಲೂ ಹೊರಳಲಿಲ್ಲ. ಅವನ ತಮ್ಮ ಆ ದಿಕ್ಕಿನಿಂದ ಬರುವವನೇ ಅಲ್ಲವಲ್ಲ.

ತಮ್ಮ ಎಂಜಿನ್ ಆರಿಸಿದ. "ಅಣ್ಣಾ."

ಅಣ್ಣ ಮೊದಲು ಮುಂದಿನ ರಸ್ತೆಯಲ್ಲಿ ಹುಡುಕಿ, ಆಮೇಲೆ ತಿರುಗಿದ. ಬಿಸಿಲಿಗೆ ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು.

"ಎಲ್ಲಿಂದ ಬಂದೆ ನೀನು?"

ಎರಡು ವರ್ಷದ ಮೇಲೆ ನೇರವಾಗಿ ಆಡಿದ ಮಾತು ಅದು. ಇಬ್ಬರಿಗೂ ಅದು ಆಗ ಹೊಳೆಯಲಿಲ್ಲ.

"ಹಿಂದಿನಿಂದ. ಚೈನು ಬಿಗಿಸ್ತಿದ್ದೆ, ನೀನು ದಾಟಿ ಹೋದೆ. ಸೇತುವೆ ಹತ್ರ ಕಾದೆ."

"ಹಿಂದಿದ್ದೆಯಾ? ನೀನಾ?" ಅಣ್ಣ ಗಾಡಿಯ ಸೀಟಿಗೆ ಒರಗಿದ. "ಬಿಟ್ಟು ಹೋದ ಅನ್ಕೊಂಡೆ. ಇಲ್ಲೊಬ್ಬ ಲಾರಿಯವನು ಅಂದ, ಹೋಗಯ್ಯಾ, ಅವನು ಸಮುದ್ರ ಮುಟ್ಟಿ ಮೀನು ತಿಂತಿದ್ದಾನೆ ಅಂತ. ಬರ್ತಾನೆ ಅಂದೆ. ಬಾಯಲ್ಲಿ ಅಂದೆ ಅಷ್ಟೆ."

"ನಾನೂ ಹಾಗೇ ಅನ್ಕೊಂಡೆ, ನಿನ್ನನ್ನ."

ಅಣ್ಣ ಹೆಗಲ ಮೇಲಿನ ಟವೆಲ್ ಎಳೆದುಕೊಂಡ. "ಹಿಂದುಳಿದವನು ನಿಲ್ಬೇಕು ಅಂತಲ್ವಾ ಇರೋದು. ಯಾಕೆ ಬಂದೆ?"

"ನಿಂತಿದ್ರೆ ಇಬ್ರೂ ನಿಂತೇ ಇರ್ತಿದ್ವಿ."

"ಹೂಂ. ಲೆಕ್ಕದ ಪ್ರಕಾರ ತಿರುಗ್ಬೇಕಾಗಿದ್ದವನು ನಾನು." ಅಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಆ ತಪ್ಪೊಂದು ನನ್ನ ಮೇಲಿರ್ಲಿ."

ತಮ್ಮನಿಗೆ ಧೈರ್ಯ ಬಂತು. "ಹಾಗಾದ್ರೆ ಟಗರಿನ ಲೆಕ್ಕಕ್ಕೆ ಅದನ್ನ ವಜಾ ಮಾಡ್ಕೊಳ್ಳೋಣ್ವಾ?"

"ಥೂ, ನಿನ್ನ!" ಎಂದ ಅಣ್ಣ. "ಅರ್ಧ ದಿನ ಬಿಸಿಲಲ್ಲಿ ನಿಂತದ್ದಕ್ಕೆ ಗಂಟೆಟಗರು ಬಿಟ್ಬಿಡ್ತೀನಾ? ಅದನ್ನ ತಿದ್ದೋಕೆ ನಾಲ್ಕು ವರ್ಷ ಹಿಡೀತು ನನಗೆ. ಬಾಕಿ ಅದು. ಹಾಗೇ ಇದೆ."

"ಇರ್ಲಿ," ಎಂದ ತಮ್ಮ.

ಅಣ್ಣ ಚೀಲದಿಂದ ಫೋನು ತೆಗೆದು ಅವನ ಕೈಗಿಟ್ಟ. ಗಾಡಿ ಕಿಕ್ ಹೊಡೆದು, ತಾನೇ ಮುಂದೆ ಹೊರಟ. ತಮ್ಮ ತೊಡೆ ಸುಡಿಸಿಕೊಳ್ಳುತ್ತ ಅವನ ಹಿಂದೆ ಹೋದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಣ್ಣ ಒಮ್ಮೆ ಹಿಂತಿರುಗಿ ನೋಡಿದ. ಮತ್ತೆ ಸ್ವಲ್ಪ ದೂರ ಹೋಗಿ, ಇನ್ನೊಮ್ಮೆ.