ಜಾಲರಿ ಮಾಮನ ಒಳ್ಳೇ ಫೋಟೋ

ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಪ್ಪನ ಎಡಗಾಲಿಗೆ ಕಾಲುಚೀಲ ತೊಡಿಸಿ, ಬಲಗಾಲಿನದನ್ನು ಇನ್ನೇನು ಏರಿಸಬೇಕು ಅನ್ನುವಷ್ಟರಲ್ಲಿ ಮಗಳ ಬೆನ್ನ ಹಿಂದೆ ಪರಪರ ಪೇಪರ್ ಹರಿಯುವ ಸದ್ದಾಯಿತು. ತಿರುಗಿ ನೋಡಿದರೆ ಅವಳ ಹಳೇ ಸಾಫ್ಟ್‌ಬಾಲ್ ಕೋಚ್. ಕ್ಲಬ್ಬಿನ ಗೋಡೆಯಿಂದ ಇಳಿಸಿ ತಂದಿದ್ದ ಫೋಟೋವನ್ನು ಹಳೇ ಪೇಪರಿನೊಳಗಿಂದ ಬಿಡಿಸುತ್ತಿದ್ದರು. ಯಾವ ಫೋಟೋ ಎಂದು ಅವಳು ಕೇಳಬೇಕಾಗಿರಲಿಲ್ಲ. ಮೂಲೆಯಲ್ಲಿ ಕೆಂಪು ಧೂಳು ಕಂಡೊಡನೆ ಮುಖ ತಿರುಗಿಸಿಕೊಂಡಳು.

"ತಲೆ ಹತ್ರ ಇಡೋಣಮ್ಮ," ಎಂದರು ಕೋಚ್. "ಬಂದೋರೆಲ್ಲ ನೋಡ್ಲಿ."

ಅಮ್ಮ ಕಣ್ಣೊರೆಸಿಕೊಂಡು ತಾನೇ ಎದ್ದು ಸ್ಟೂಲು ತಂದು ಹಾಕಿದಳು. ಇನ್ನಷ್ಟು ಎತ್ತರಕ್ಕಿರಲಿ ಎಂದು ಅದರ ಮೇಲೊಂದು ಮಣೆಯನ್ನೂ ಇಟ್ಟಳು. ವಾರವಿಡೀ ಕಂಡವರ ಅಡುಗೆಮನೆಯಲ್ಲಿ ಕೆಟ್ಟ ಫ್ರಿಜ್ಜಿನ ಹಿಂದೆ ರಿಪೇರಿಗೆ ಕೂತು ಗ್ಯಾಸು ತುಂಬುತ್ತಿದ್ದ ಗಂಡನನ್ನು ನಾಲ್ಕು ಜನ ಹೊಗಳಿದ್ದಿದ್ದರೆ ಅದು ಈ ಒಂದು ಫೋಟೋದಿಂದ. ಅಮ್ಮನಿಗೆ ಅದರ ಮೇಲೆ ಪ್ರಾಣ. ಇರಬೇಕಾದ್ದೇ ಬಿಡಿ.

ಫೋಟೋ ಅಂದರೆ ಫೋಟೋ. ಹುಡುಗಿಯೊಬ್ಬಳು ರನ್ನು ಮುಗಿಸುವ ಹೋಂ ಪ್ಲೇಟಿಗೆ ಜಾರಿ ಬರುತ್ತಿದ್ದಾಳೆ. ಅಲ್ಲಿ ಚೆಂಡು ಹಿಡಿಯಲು ಕಾದಿದ್ದ ಎದುರು ತಂಡದ ಕ್ಯಾಚರ್ ಅವಳ ಮೇಲೆ ಬೀಳುತ್ತಿದ್ದಾಳೆ. ಕ್ಯಾಚರಿನ ಗ್ಲೌಸಿನಿಂದ ಜಾರಿದ ಚೆಂಡು ಗಾಳಿಯಲ್ಲಿ ನಿಂತುಬಿಟ್ಟಿದೆ, ಅದರ ಹೊಲಿಗೆಯೂ ಕಾಣುತ್ತದೆ. ಸೊಂಟದಿಂದ ಕೆಳಗೆ ಬರೀ ಧೂಳು. ಹುಡುಗಿಯ ಬಾಯಿ ಅಷ್ಟಗಲ ತೆರೆದಿದೆ. ಕೆಳಗೆ ಕ್ಲಬ್ಬಿನವರು ಅಂಟಿಸಿದ ಹೆಸರು: ಗೆಲುವಿನ ಕೂಗು.

"ಎಷ್ಟು ಖುಷೀಲಿ ಕೂಗ್ತಿದೀಯ ನೋಡೇ," ಎಂದಳು ಮೇಲಿನ ಮನೆಯ ದರ್ಜಿ ಹೆಂಗಸು.

"ಅದನ್ನ ಇಲ್ಲಿಡೋದು ಬೇಡ ಸಾರ್," ಎಂದಳು ಮಗಳು.

ಕೋಚ್ ಪೆಚ್ಚಾದರು. ಅಮ್ಮ ಮಾತ್ರ ಬಿಡಲಿಲ್ಲ. "ಇವತ್ತೊಂದಿನ ಸುಮ್ನಿರೇ. ಹೋದವರ ಮೇಲೆ ಎಂಥದ್ದೇ ನಿಂದು ಹಟ?"

ಮಗಳು ಬಲಗಾಲಿನ ಕಾಲುಚೀಲ ಏರಿಸಿದಳು. ಫೋಟೋ ಅಲ್ಲೇ ಕೂತಿತು.

*

ಮಗಳು ತಂಡದಲ್ಲಿ ಆಡುವಾಗ ಮೊದಮೊದಲು ಅಪ್ಪ ತೆಗೆದ ಫೋಟೋಗಳನ್ನು ನೋಡಿದ್ದರೆ ನೀವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಒಬ್ಬಳಿಗೆ ತಲೆಯಿಲ್ಲ, ಒಬ್ಬಳಿಗೆ ಬರೀ ಬೆನ್ನು, ಚೆಂಡಂತೂ ಹುಡುಕಿದರೂ ಸಿಗದು. ಎಲ್ಲದರ ಮುಂದೆಯೂ ಮೈದಾನದ ಬೇಲಿಯ ತಂತಿಜಾಲರಿ ದಪ್ಪದಪ್ಪಗೆ. ತಂಡದ ಹುಡುಗಿಯರು ಅವನಿಗೆ ಜಾಲರಿ ಮಾಮ ಎಂದು ಹೆಸರಿಟ್ಟರು. ಅವನೂ ನಕ್ಕ. ಆದರೆ ಮಗಳಿಗೆ ಉರಿಯಿತು. ತನ್ನಪ್ಪನನ್ನು ಆಡಿಕೊಳ್ಳುವುದೆಂದರೇನು?

ಅವಳೇ ಗುರುವಾದಳು. ಆಟ ಗೊತ್ತಿರುವವಳು ಅವಳು ತಾನೇ. ಲೆನ್ಸನ್ನು ಬೇಲಿಗೆ ಒತ್ತಿ ಹಿಡಿ, ಆಗ ಜಾಲರಿ ಮಾಯವಾಗುತ್ತದೆ ಎಂದಳು. ಚೆಂಡಿನ ಹಿಂದೆ ಓಡಬೇಡ, ಅದು ಬರುವ, ಓಡುವವಳು ಮುಟ್ಟಬೇಕಾದ ಬೇಸಿನ ಮೇಲೆ ಕಣ್ಣಿಟ್ಟು ಕಾದಿರು ಎಂದಳು. ಆದರೂ ಅಪ್ಪ ಒಂದು ಕ್ಲಿಕ್ ಮಾಡಿದವನೇ ಕ್ಯಾಮೆರಾ ಇಳಿಸಿ, ಮಗಳು ಬಿದ್ದಳೋ ಎದ್ದಳೋ ಎಂದು ಬಗ್ಗಿ ನೋಡುತ್ತಿದ್ದ. ಒಳ್ಳೆಯದೆಲ್ಲ ಆ ಕ್ಷಣದಲ್ಲೇ ತಪ್ಪಿಹೋಗುತ್ತಿತ್ತು.

"ನನ್ನ ನೋಡ್ಬೇಡ ಅಪ್ಪ," ಎಂದು ಒಂದು ಭಾನುವಾರ ಗದರಿದಳು. "ಆಟ ಮುಗಿಯೋವರೆಗೂ ಗುಂಡಿ ಮೇಲಿಂದ ಬೆರಳು ತೆಗೀಬಾರ್ದು. ಏನಾದ್ರೂ ಆಗ್ಲಿ."

ಅಪ್ಪ ಒಳ್ಳೆಯ ಶಿಷ್ಯ. ಫ್ರಿಜ್ಜಿನ ಬಾಗಿಲ ಮೇಲೆ ಬೆರಳೊತ್ತಿ, ತೆಗೆಯದೆ ಹಿಡಿದು ಅಭ್ಯಾಸ ಮಾಡಿದ. ಬರುಬರುತ್ತಾ ಅವನ ಫೋಟೋದಲ್ಲಿ ಚೆಂಡು ಸಿಕ್ಕಿತು, ಧೂಳು ಸಿಕ್ಕಿತು, ಹುಡುಗಿಯರ ಹಲ್ಲು ಕಚ್ಚಿದ ಮುಖ ಸಿಕ್ಕಿತು. ಕೋಚ್ ಅವನನ್ನು ಬೇಲಿಯ ಒಳಗೇ ಕರೆದು ನಿಲ್ಲಿಸಿಕೊಂಡರು.

*

ಅವತ್ತು ಅವನು ಹೋಂ ಪ್ಲೇಟಿನ ಪಕ್ಕದಲ್ಲೇ ಮಂಡಿಯೂರಿದ್ದ. ಕೊನೆಯ ರನ್ನು. ಮಗಳು ಜಾರಿದಳು, ಕ್ಯಾಚರ್ ಪೂರ್ತಿ ಭಾರ ಬಿಟ್ಟು ಅವಳ ಕಣಕಾಲಿನ ಮೇಲೆ ಮಂಡಿಯೂರಿ ಬಿದ್ದಳು. ಒಣಕಟ್ಟಿಗೆ ಮುರಿದ ಹಾಗೆ ಸದ್ದು. ಮಗಳು ಕೂಗಿದಳು. ಅವಳು ಕೂಗಿದ್ದು ಗೆಲುವಲ್ಲ ಮಣ್ಣಲ್ಲ. "ಅಪ್ಪಾ" ಎಂದು.

ಉತ್ತರವಾಗಿ ಕೇಳಿಸಿದ್ದು ಕಟಕಟಕಟ ಎನ್ನುವ ಕ್ಯಾಮೆರಾ. ತಂಡದವರು ಗೆದ್ದೆವೆಂದು ಕುಣಿಯುತ್ತಿದ್ದರು, ಕ್ಯಾಮೆರಾ ನಿಲ್ಲಲಿಲ್ಲ. ಕೋಚ್ ಬಂದು ಅವಳನ್ನು ಎತ್ತುವಾಗಲೂ ಅದು ನಿಂತಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಬಿಗಿದ ಮೇಲೆ ಕೇಳಿದಳು. "ನಾನು ಏನಂತ ಕೂಗ್ದೆ, ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ?"

ಅಪ್ಪನ ಮುಖದಲ್ಲಿ ಪಾಠ ಒಪ್ಪಿಸಿದ ಮಗುವಿನ ಸಂತೋಷವಿತ್ತು. "ನೀನೇ ಹೇಳಿದ್ದೆಯಲ್ಲ ಪುಟ್ಟಿ, ಬೆರಳು ತೆಗೀಬಾರ್ದು ಅಂತ."

ಕಾಲು ಸೊಟ್ಟಗೆ ಕೂಡಿಕೊಂಡಿತು. ಆಟ ಹೋಯಿತು, ಬಸ್ ನಿಲ್ದಾಣದ ಕೌಂಟರಿನಲ್ಲಿ ಕೂತು ಟಿಕೆಟ್ ಹರಿಯುವ ಕೆಲಸ ಬಂತು. ಫೋಟೋಗೆ ಬಹುಮಾನವೂ ಬಂತು. ಅವಳನ್ನು ಊರುಗೋಲಿನ ಮೇಲೆ ವೇದಿಕೆಗೆ ಹತ್ತಿಸಿ, ಗೆಲುವಿನ ಕೂಗು ಇವಳದೇ ಎಂದು ಚಪ್ಪಾಳೆ ಹೊಡೆದರು. ಅಲ್ಲ ಎಂದು ಅಪ್ಪ ಒಂದು ಮಾತು ಹೇಳಬಹುದಿತ್ತು. ಅವತ್ತೂ ಹೇಳಲಿಲ್ಲ, ಆಮೇಲೆ ಬದುಕಿದ್ದಷ್ಟು ದಿನವೂ ಹೇಳಲಿಲ್ಲ.

*

ಶವಪೆಟ್ಟಿಗೆ ಮುಚ್ಚುವವರು ಸ್ಕ್ರೂ ಹಿಡಿದು ಬಂದು ನಿಂತರು. ಅಷ್ಟು ಹೊತ್ತಿಗೆ ಫೋಟೋದ ಮುಂದೆ ಹಳೇ ತಂಡದ ಹೆಂಗಸರು ಗುಂಪುಗೂಡಿ, ಜಾಲರಿ ಮಾಮನಂಥವರು ಯಾರಿದ್ದಾರೆ ಎಂದು ಮೂಗೊರೆಸಿಕೊಳ್ಳುತ್ತಿದ್ದರು. ಅವತ್ತು ಎದುರು ತಂಡದ ಕ್ಯಾಚರ್ ಆಗಿದ್ದವಳೂ ಬಂದಿದ್ದಳು. ಅವಳೊಬ್ಬಳೇ ಫೋಟೋದ ಕಡೆ ತಿರುಗಲಿಲ್ಲ.

ಮಗಳು ಕುಂಟುತ್ತಾ ಅವರ ನಡುವೆ ಹಾದು ಚೌಕಟ್ಟನ್ನು ಎತ್ತಿಕೊಂಡಳು. ಪೆಟ್ಟಿಗೆಯ ಹತ್ತಿರ ಬಂದು ಅಪ್ಪನ ಎದೆಯ ಮೇಲೆ ಅದನ್ನು ಬೋರಲು ಇಟ್ಟಳು.

"ಬೋರಲಾಯ್ತಲ್ಲಮ್ಮ," ಎಂದರು ಕೋಚ್. "ಜನಕ್ಕೆ ಕಾಣೋದಿಲ್ಲ."

"ಜನ ನೋಡಿದ್ದು ಸಾಕು ಸಾರ್. ಅಲ್ಲಿ ನಾನು ಕೂಗ್ತಿರೋದು ಅಪ್ಪಾ ಅಂತ. ಇನ್ಮೇಲೆ ಅವನೊಬ್ನೇ ನೋಡ್ಲಿ."

ಅಮ್ಮ ಏನೋ ಹೇಳಲು ಬಾಯಿ ತೆರೆದವಳು ಮಗಳ ಕಾಲನ್ನು ನೋಡಿದಳು, ನೆಲ ನೋಡಿದಳು.

ಪೆಟ್ಟಿಗೆಗೆ ಹಾಕಲೆಂದು ಮುಚ್ಚಳ ಎತ್ತಿಕೊಂಡರು. ಎದೆಯ ಮೇಲೆ ಮಡಿಸಿಟ್ಟಿದ್ದ ಅಪ್ಪನ ಬಲಗೈ ಚೌಕಟ್ಟಿನ ಅಂಚಿನ ಮೇಲೆ ಬಂದಿತ್ತು. ತೋರುಬೆರಳು ಕೊಕ್ಕೆಯಂತೆ ಬಾಗಿ ಮರವನ್ನು ಒತ್ತಿತ್ತು. ಮಗಳು ಅದನ್ನು ನೆಟ್ಟಗೆ ಮಾಡಲು ಹೋದಳು. ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಬಲ ಹಾಕಿ ಎಳೆದಳು. ಬೆರಳು ಬಿಡಲಿಲ್ಲ.