ಕೆಂಪು ಫೈಲಿನ ಷರತ್ತು

ಪಟ್ಟಿಯಲ್ಲಿ ತನ್ನ ಹೆಸರು ಬರಲಿಲ್ಲ. ಅಂದರೆ ಬರೆದದ್ದು ಸರಿಯಾಗಿತ್ತು. ಸುಕನ್ಯಾ ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಿ ನೋಡಿದಳು. ಇಲ್ಲ.

ದುರ್ಗದಬೈಲಿನ ಬಳೆ ಅಂಗಡಿಯ ಮೇಲಿದ್ದ ಆ ವಧು-ವರರ ಕೇಂದ್ರಕ್ಕೆ 2003ರಲ್ಲಿ ಕಂಪ್ಯೂಟರ್ ಬಂತು. ಮಾಲಕ ಅರ್ಜುನಪ್ಪನಿಗೆ ಅದರ ತಲೆಬುಡ ತಿಳಿಯದು. ಪರ್ಲ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದ ಸುಕನ್ಯಾ ಒಂದೊಂದು ಫಾರ್ಮಿಗೆ ಒಂದೊಂದು ಹ್ಯಾಶ್ ಕಟ್ಟುತ್ತಿದ್ದಳು. ಹ್ಯಾಶ್ ಅಂದರೆ ಮಹಾ ಏನಲ್ಲ. ಹೆಸರು, ವಯಸ್ಸು, ಎತ್ತರ ಎಂದು ಚೀಟಿ ಅಂಟಿಸಿದ ಡಬ್ಬಿಗಳ ಸಾಲು. ಫಾರ್ಮಿನಲ್ಲಿ ತುಂಬಿದ್ದರೆ ಡಬ್ಬಿ ಇಡು, ಖಾಲಿ ಬಿಟ್ಟಿದ್ದರೆ ಇಡಬೇಡ ಎಂದು ಷರತ್ತು ಬರೆದರಾಯಿತು.

ಮುಂಜಾನೆ ಅರ್ಜುನಪ್ಪ ಇನ್ನೊಂದು ಷರತ್ತು ಹೇಳಿದ್ದ. ಗಂಡ ತೀರಿಕೊಂಡ ಹೆಣ್ಣುಮಕ್ಕಳ ಫಾರ್ಮುಗಳು ಮೊದಲಿನಿಂದಲೂ ಕೆಳಗಿನ ಡ್ರಾವರಿನ ಕೆಂಪು ಫೈಲಿನಲ್ಲಿ. ಯಾರಾದರೂ ಬಾಯಿಬಿಟ್ಟು ಕೇಳಿದರಷ್ಟೇ ಹೊರಗೆ. ಕಂಪ್ಯೂಟರಿನಲ್ಲೂ ಅವರ ಹೆಸರು ಪಟ್ಟಿಗೆ ಬರಬಾರದು ಎಂದ. ಯಾರು ಕೇಳುತ್ತಾರೆ, ಪುಣ್ಯಾತ್ಮ! ಆ ಫೈಲಿನ ದಾರ ಬಿಚ್ಚಿದ್ದನ್ನು ಸುಕನ್ಯಾ ಇಲ್ಲಿ ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಆದರೂ ಹೂಂ ಎಂದು ಬರೆದಳು. ಪರೀಕ್ಷೆಗೆಂದು ತನ್ನದೇ ವಿವರ ಹಾಕಿದಳು: ವಯಸ್ಸು ಮೂವತ್ತೊಂದು, ಊರು ಉಣಕಲ್, ಗಂಡ ತೀರಿ ಆರು ವರ್ಷ.

ಪರೀಕ್ಷೆ ಎಂದೇ ಶುರುವಾದದ್ದು. ಆದರೆ ತನ್ನ ಹೆಸರಿಲ್ಲದ ಆ ಪಟ್ಟಿಯನ್ನು ಅವಳು ಮೇಲಿನಿಂದ ಕೆಳಗಿನವರೆಗೆ ಮತ್ತೆ ಓದಿದಳು. ಆಸೆ ಸತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ, ಯಾಕ ತಡಾ ಆತು ಎಂದು ಕೇಳಲು ಒಬ್ಬರು ಬೇಕಿತ್ತು. ಇಷ್ಟೇ, ದಿನಾ ಬೇಕಿತ್ತು.

ಬರೆದ ಷರತ್ತನ್ನು ಅಳಿಸಿ ಹಾಕಿದಳು. ಮತ್ತೆ ಓಡಿಸಿ, ನೋಡಬರ್ರಿ ಎಂದು ಅರ್ಜುನಪ್ಪನನ್ನು ಕರೆದಳು.

ಅವನು ಚಾಳೀಸು ಮೂಗಿಗೇರಿಸಿ, ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಬಂದ. ಸುಕನ್ಯಾ ಎಂಬಲ್ಲಿ ಬೆರಳು ನಿಂತಿತು.

"ಮುಂಜಾನೆ ಹೇಳಿದ್ದು ಹಾಕಲಿಲ್ಲೇನವಾ?"

"ಹಾಕಿದ್ನಿರಿ ಕಾಕಾ. ತಗದೇನಿ. ಬಾಯಿಬಿಟ್ಟು ಕೇಳಾವ್ರು ಒಬ್ಬರೂ ಬರಲಿಲ್ಲರಿ."

ಅರ್ಜುನಪ್ಪ ಬೆರಳು ತೆಗೆಯದೆ ಆ ಸಾಲನ್ನು ಮತ್ತೆ ಓದಿದ. ಕೆಲಸ ಹೋಯಿತು ಎಂದುಕೊಂಡಳು. ಕೆಳಗೆ ಅಂಗಡಿಯಲ್ಲಿ ಯಾರೋ ಹಸಿರು ಬಳೆ ಚೌಕಾಶಿ ಮಾಡುತ್ತಿದ್ದರು.

"ಎಲ್ಲಾರ್ದೂ ಎತ್ತರ ಐತಿ," ಎಂದ ಕೊನೆಗೆ, "ನಿಂದ ಇಲ್ಲಲ್ಲವಾ?"

ಅವಳು ತುಂಬಿರಲಿಲ್ಲ, ಹಾಗಾಗಿ ಡಬ್ಬಿಯೇ ಇರಲಿಲ್ಲ.

"ಐದು ಫೂಟ ಎರಡು ಇಂಚರಿ."

"ಹಾಕು ಮತ್ತ."

ಅವಳು ಎತ್ತರ ಟೈಪ್ ಮಾಡಿದಳು. ಅರ್ಜುನಪ್ಪ ಬಗ್ಗಿ ಕೆಳಗಿನ ಡ್ರಾವರು ಎಳೆದ. ಕೆಂಪು ಫೈಲಿನ ದಾರ ಗಂಟುಬಿದ್ದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದ.